ಬಾಯಿಪಾಠದ ಭಕ್ತಿ

ನಮ್ಮ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ ತೂಗುತ್ತಿದೆ. ನನಗೆ ಹತ್ತು ವರ್ಷವಾಗಿದ್ದಾಗ ಚರ್ಚಿನ ಭಾನುವಾರದ ಶಾಲೆಯಲ್ಲಿ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದ ಮೊದಲ ಇಪ್ಪತ್ತೊಂದು ವಚನಗಳನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದ್ದಕ್ಕೆ ಅದು ದೊರೆಯಿತು. ಮನುಷ್ಯನು ಹೊಸದಾಗಿ ಹುಟ್ಟಬೇಕೆಂದು ಯೇಸು ನಿಕೊದೇಮನೆಂಬ ಪಂಡಿತನಿಗೆ ಹೇಳುವ ಭಾಗವೇ ಅದು. ಹೊಸದಾಗಿ ಹುಟ್ಟುವುದೆಂದರೇನೆಂದು ಆಗ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಬಹುಮಾನದ ಜೊತೆಗೆ ಬಂದ ಕಂಪಾಸು ಪೆಟ್ಟಿಗೆಯ ಮೇಲೆಯೇ ನನ್ನ ಧ್ಯಾನವೆಲ್ಲ ಇತ್ತು.

ನಮ್ಮದು ಅಜ್ಜನ ಅಜ್ಜನ ಕಾಲದಿಂದ ಕ್ರೈಸ್ತ ಕುಟುಂಬ. ಹಸುಳೆಯಾಗಿದ್ದಾಗ ದೀಕ್ಷಾಸ್ನಾನ, ಹದಿನೈದರಲ್ಲಿ ಸ್ಥಿರೀಕರಣ, ಭಾನುವಾರ ಇಸ್ತ್ರಿ ಮಾಡಿದ ಅಂಗಿ. ಸ್ಥಿರೀಕರಣದ ದಿನ ಸಭಾಪಾಲಕರು ಯಾವ ಪ್ರಶ್ನೆ ಕೇಳುವರೆಂಬುದೂ ನಾವು ಯಾವ ಉತ್ತರ ಕೊಡಬೇಕೆಂಬುದೂ ಪುಸ್ತಕದಲ್ಲಿಯೇ ಅಚ್ಚಾಗಿರುತ್ತದೆ. ಇತಿಹಾಸದ ಪರೀಕ್ಷೆಗೂ ಇಷ್ಟು ಅನುಕೂಲವಿದ್ದರೆ ನಮ್ಮ ತರಗತಿಯಲ್ಲಿ ಯಾರೂ ನಪಾಸಾಗುತ್ತಿರಲಿಲ್ಲ! ಪ್ರಸಂಗದ ಹೊತ್ತಿಗೆ ನಾವು ಯುವಕರು ಹೊರಗೆ ಮರದ ನೆರಳಿನಲ್ಲಿ ನಿಂತಿದ್ದು, ಕೊನೆಯ ಆಶೀರ್ವಾದಕ್ಕೆ ಸರಿಯಾಗಿ ಒಳಗೆ ಹೋಗುವುದುಂಟು.

ವಿಚಿತ್ರವೆಂದರೆ, ಕರಾವಳಿಯ ನಮ್ಮಂಥವರಿಗೆ ಈ ಧರ್ಮವನ್ನು ತಂದುಕೊಟ್ಟವರು ಇಂಥ ಒಣ ಆಚಾರಕ್ಕೆ ಎದುರುಬಿದ್ದವರ ಪರಂಪರೆಯವರೇ. ಹದಿನೇಳನೆಯ ಶತಮಾನದ ಜರ್ಮನಿಯಲ್ಲಿ ಚರ್ಚಿಗೆ ಹೋಗದವರು ವಿರಳ. ಹೋದುದರಿಂದ ಬದಲಾದವರೂ ವಿರಳವೆಂದು ಕೊರಗಿದವನು ಸ್ಪೇನರ್ ಎಂಬ ಪಾದ್ರಿ. 1675ರಲ್ಲಿ ಅವನು ಬರೆದ ಪುಸ್ತಕದಿಂದ ಪಯಟಿಸ್ಟರೆಂಬವರ ಚಳವಳಿ ಬೆಳೆಯಿತು. ಮನೆಗಳಲ್ಲಿ ನಾಲ್ಕು ಜನ ಕೂಡಿ ವೇದವನ್ನೋದುವುದು, ಒಳಗಿನಿಂದ ಮರುಹುಟ್ಟು ಪಡೆಯುವುದು ಅವರ ಹಟ. ಅದೇ ಉತ್ಸಾಹದಿಂದ 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರು ಬಿತ್ತಿದ್ದು ಅದನ್ನು. ನಾನು ಕೊಯ್ದದ್ದು ಕಂಪಾಸು ಪೆಟ್ಟಿಗೆಯನ್ನು. ತಂದೆ ತಾಯಿಯರಿಂದ ಮಕ್ಕಳಿಗೆ ಹೊಲ ಮನೆ ಬಂದಂತೆ ಆಚಾರ ಬರುತ್ತದೆ. ಮರುಹುಟ್ಟು ಹಾಗೆ ಬರುವಂಥದಲ್ಲವೆಂದು ತೋರುತ್ತದೆ.

ನಿಕೊದೇಮನಾದರೂ ಸಾಮಾನ್ಯನಲ್ಲ. ಶಾಸ್ತ್ರ ಬಲ್ಲವನು, ಯೆಹೂದ್ಯರ ಹಿರಿಯ. ಅಂಥವನು ರಾತ್ರಿಯಲ್ಲಿ ಬಂದು, ಮುದುಕನಾದವನು ತಾಯಿಯ ಹೊಟ್ಟೆಯನ್ನು ಮತ್ತೆ ಹೊಗುವುದು ಹೇಗೆಂದು ಕೇಳುತ್ತಾನೆ. ಮೂಲದ ಗ್ರೀಕ್ ಪದಕ್ಕೆ ‘ಮತ್ತೊಮ್ಮೆ’ ಎಂದೂ ‘ಮೇಲಿನಿಂದ’ ಎಂದೂ ಎರಡರ್ಥವಂತೆ. ಅವನು ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟನು. ಅವನು ಹೊಸದಾಗಿ ಹುಟ್ಟಿದನೆಂದು ಯೋಹಾನನು ಎಲ್ಲಿಯೂ ಬರೆದಿಲ್ಲ. ಆದರೆ ಯೇಸು ಸತ್ತು, ಜೊತೆಗಿದ್ದವರಲ್ಲಿ ಬಹುಮಂದಿ ಅಡಗಿಕೊಂಡಿದ್ದಾಗ, ನಿಕೊದೇಮನು ಸುಮಾರು ನೂರು ಸೇರು ತೂಕದ ರಕ್ತಬೋಳ ಅಗರುಗಳ ಸುಗಂಧದ್ರವ್ಯವನ್ನು ಹೊರಿಸಿಕೊಂಡು ಬಂದನೆಂದು ಮಾತ್ರ ಬರೆದಿದ್ದಾನೆ. ನಾನು ಬಾಯಿಪಾಠ ಮಾಡಿದ್ದು ಮೂರನೆಯ ಅಧ್ಯಾಯ, ಇದಿರುವುದು ಹತ್ತೊಂಬತ್ತನೆಯದರಲ್ಲಿ.

ಕಳೆದ ವರ್ಷ ನಮ್ಮ ಸಭೆಯಲ್ಲಿ ಯುವಜನರ ಪ್ರಾರ್ಥನಾಕೂಟ ನಡೆಯಿತು. ಮೂರನೆಯ ರಾತ್ರಿ ನಾನೂ ಎದ್ದು ನಿಂತು ಸಾಕ್ಷಿ ಹೇಳಿದೆ. ನಾನು ಮಹಾಪಾಪಿ, ನನ್ನ ಹೃದಯ ಕಲ್ಲಾಗಿತ್ತು, ಈಗ ಕರಗಿದೆ ಎಂದೆಲ್ಲ ಹೇಳುವಾಗ ನಿಜವಾಗಿಯೇ ಅತ್ತೆ. ಹಿರಿಯರು ಬೆನ್ನು ತಟ್ಟಿದರು. ಹಿಂದಿನ ಬೆಂಚಿನಲ್ಲಿ ಅಮ್ಮನೂ ಅಣ್ಣನೂ ಕುಳಿತಿದ್ದರು. ಪಾಪವೆಂದರೆ ಯಾವುದು, ಎಷ್ಟು ರೂಪಾಯಿಯದು ಎಂದು ನಾನು ಹೇಳಲಿಲ್ಲ.

ಆ ಮಾತನ್ನು ನನ್ನೊಳಗೆ ಕೆದಕಿದವನು ಜಾನ್ ನ್ಯೂಟನ್. ಗುಲಾಮರ ವ್ಯಾಪಾರದ ಬಗ್ಗೆ ಟಿಪ್ಪಣಿ ಬರೆಯಬೇಕೆಂದು ಕಾಲೇಜಿನ ವಾಚನಾಲಯದಲ್ಲಿ ಕುಳಿತಿದ್ದಾಗ ಅವನ ಹೆಸರು ಕಣ್ಣಿಗೆ ಬಿತ್ತು. ‘ಅಮೇಜಿಂಗ್ ಗ್ರೇಸ್’ ಎಂಬ ಕೀರ್ತನೆಯನ್ನು ಬರೆದವನೆಂದಷ್ಟೇ ನನಗೆ ಗೊತ್ತಿತ್ತು. 1748ರ ಮಾರ್ಚಿಯಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಅವನಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗುವಂತಾದಾಗ, ಅದುವರೆಗೆ ದೇವರನ್ನು ಹಳಿಯುತ್ತಿದ್ದ ಅವನು ಮೊರೆಯಿಟ್ಟನು, ಬದುಕಿಕೊಂಡನು. ಆ ದಿನವನ್ನು ಜೀವಮಾನವಿಡೀ ನೆನೆಯುತ್ತಿದ್ದನು. ಇಷ್ಟಕ್ಕೆ ಕಥೆ ಮುಗಿದಿದ್ದರೆ ಭಾನುವಾರದ ಶಾಲೆಗೆ ಒಳ್ಳೆಯ ಪಾಠವಾಗುತ್ತಿತ್ತು. ಆದರೆ 1750ರಿಂದ 1754ರವರೆಗೆ ಅದೇ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿಗೆ ಕಪ್ತಾನನಾಗಿ ಮೂರು ಯಾತ್ರೆ ಮಾಡಿದನು. ಭಾನುವಾರ ಮೇಲಿನ ಅಟ್ಟದಲ್ಲಿ ನಾವಿಕರನ್ನು ಸೇರಿಸಿ ಪ್ರಾರ್ಥನೆ ಓದಿಸುವನು. ಕೆಳಗೆ ಆಫ್ರಿಕದ ಜನ ಸರಪಳಿಯಲ್ಲಿ ಬಿದ್ದಿರುವರು. ಅವನು ಸಮುದ್ರವನ್ನು ಬಿಟ್ಟದ್ದು ಕಾಯಿಲೆಯಿಂದ, ಪಶ್ಚಾತ್ತಾಪದಿಂದಲ್ಲ. 1764ರಲ್ಲಿ ಪಾದ್ರಿಯಾದನು, ಕೀರ್ತನೆ ಬರೆದನು. ತಾನು ಮಾಡಿದ್ದು ಇಂಥದೆಂದು ಅಚ್ಚಿನಲ್ಲಿ ಒಪ್ಪಿಕೊಂಡು, ಗುಲಾಮರ ವ್ಯಾಪಾರದ ವಿರುದ್ಧ ಕಿರುಪುಸ್ತಕ ಹೊರಡಿಸಿದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ ನಲವತ್ತು ವರ್ಷ! 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು. ಆ ವರ್ಷದ ಕೊನೆಯಲ್ಲಿ ಅವನು ತೀರಿಕೊಂಡನು.

ಬಿರುಗಾಳಿಯಲ್ಲಿ ಅವನು ಸುಳ್ಳು ಹೇಳಿದನೆಂದು ನನಗೆ ಅನಿಸುವುದಿಲ್ಲ. ಅವನ ಕಣ್ಣೀರೂ ನಿಜ, ಕೂಟದಲ್ಲಿ ನನ್ನ ಕಣ್ಣೀರೂ ನಿಜ. ಆದರೆ ಅವನು ಆಗ ದೇವರ ಕೈಗೆ ಕೊಟ್ಟದ್ದು ತನ್ನ ಹೆದರಿಕೆಯನ್ನು ಮಾತ್ರ. ಹಡಗಿನ ಲೆಕ್ಕದ ಪುಸ್ತಕವನ್ನು ಕೊಡಲಿಲ್ಲ. ಬಿರುಗಾಳಿಯ ಆಮೇಲೆಯೂ ಬಹುಕಾಲ ತಾನು ಪೂರ್ಣಾರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲವೆಂದು ಅವನೇ ಬರೆದುಕೊಂಡಿದ್ದಾನೆ. ಸುಂಕದ ಜಕ್ಕಾಯನು ಅವನಿಗಿಂತ ಚುರುಕು. ಯೇಸು ಮನೆಗೆ ಬಂದ ದಿನವೇ ಆಸ್ತಿಯಲ್ಲಿ ಅರ್ಧ ಬಡವರಿಗೆಂದೂ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟೆಂದೂ ಲೆಕ್ಕ ಹೇಳಿಬಿಟ್ಟನು.

ನನ್ನ ಲೆಕ್ಕ ಇದು. ಅಣ್ಣ ಹತ್ತನೆಯ ತರಗತಿಗೇ ಶಾಲೆ ಬಿಟ್ಟು ಮನೆಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಹೋದವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅವನ ಕೂಲಿಯಿಂದಲೇ ಹತ್ತಿದ್ದು. ಎರಡನೆಯ ವರ್ಷದ ಪರೀಕ್ಷಾ ಶುಲ್ಕ 1,350 ರೂಪಾಯಿ ಇದ್ದುದನ್ನು 2,500 ಎಂದು ಹೇಳಿ ತೆಗೆದುಕೊಂಡೆ. ಉಳಿದ ಹಣದಲ್ಲಿ ಒಂದು ಜೊತೆ ಬೂಟು ಕೊಂಡೆ. ಸಾಕ್ಷಿ ಹೇಳಿದ ರಾತ್ರಿ ನನ್ನ ಕಾಲಿನಲ್ಲಿದ್ದುದು ಆ ಬೂಟೇ.

ನ್ಯೂಟನ್ನನ ಕಥೆ ಓದಿದ ವಾರ, ಒಂದು ಸಂಜೆ ಅಣ್ಣ ಬಾವಿಕಟ್ಟೆಯಲ್ಲಿ ಸೀಮೆಎಣ್ಣೆ ಹಚ್ಚಿ ಕೈಯ ಬಣ್ಣ ತಿಕ್ಕುತ್ತಿದ್ದಾಗ ಹೋಗಿ ಹೇಳಿದೆ. ಹೇಳುವುದಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ. ಕೂಟದ ಸಾಕ್ಷಿಗೆ ಇಪ್ಪತ್ತು ನಿಮಿಷ ಹಿಡಿದಿತ್ತು. ಈ ಸಲ ಕಣ್ಣೀರು ಬರಲಿಲ್ಲ, ಬಾಯಿ ಒಣಗಿತು.

ಅವನು ತಲೆಯೆತ್ತದೆ, “ಗೊತ್ತುಂಟು” ಎಂದ. “ರಶೀದಿ ನಿನ್ನ ಅಂಗಿಯ ಕಿಸೆಯಲ್ಲೇ ಇತ್ತು. ಒಗೆಯುವಾಗ ಅಮ್ಮನಿಗೆ ಸಿಕ್ಕಿದ್ದು.”

“ಮತ್ತೆ ಯಾಕೆ ಕೇಳಲಿಲ್ಲ?”

“ಆ ದಿನ ಚರ್ಚಿನಲ್ಲಿ ಎದ್ದು ನಿಂತೆಯಲ್ಲ, ಆಗ ಹೇಳುತ್ತಿ ಅಂತ ಗ್ರಹಿಸಿದ್ದೆ” ಎಂದು ಕೈಗೆ ನೀರು ಸುರಿದುಕೊಂಡ.

ಈಗ ಸಂಜೆ ನೆರೆಮನೆಯ ಇಬ್ಬರು ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಅಣ್ಣನಿಗೆ 700 ರೂಪಾಯಿ ಸಂದಿದೆ, 450 ಬಾಕಿ. ಜಕ್ಕಾಯನ ಲೆಕ್ಕ ಹಿಡಿದರೆ 4,600 ಆಗುತ್ತದೆ, ಅದಕ್ಕೆ ಬಿ.ಎ. ಮುಗಿಯಬೇಕು. ಕೊಟ್ಟಾಗಲೆಲ್ಲ ಅಣ್ಣ ಬೇಡವೆನ್ನುವುದಿಲ್ಲ. ನೋಟುಗಳನ್ನು ನನ್ನೆದುರಿಗೇ ಎಣಿಸಿ ಕಿಸೆಗೆ ಹಾಕಿಕೊಳ್ಳುತ್ತಾನೆ.