ಭಾನುವಾರದ ನಿಧಾನ

ಜಯನಗರದ ಮೇನು, ಕ್ರಾಸುಗಳನ್ನು ಇಷ್ಟು ಅಚ್ಚುಕಟ್ಟಾಗಿ ಎಳೆದವರು ಓಟಗಾರರಿಗೆ ದೊಡ್ಡ ಉಪಕಾರ ಮಾಡಿದ್ದಾರೆ. ಒಂದು ಕ್ರಾಸು ಜೋರು, ಮುಂದಿನ ಎರಡು ಕ್ರಾಸು ನಿಧಾನ, ಮತ್ತೆ ಒಂದು ಜೋರು. ಇದಕ್ಕೆ ಟ್ರ್ಯಾಕೂ ಬೇಡ, ಕೈಗಡಿಯಾರವೂ ಬೇಡ. ಹೊಂಗೆ ಹೂ ಚೆಲ್ಲಿದ ಏಪ್ರಿಲ್ ಬೆಳಿಗ್ಗೆ, ಹಾಲಿನ ಬೂತಿನ ಬಾಗಿಲು ತೆರೆಯುವ ಹೊತ್ತಿಗೆ ಹೀಗೆ ಓಡುವ ಸುಖವೇ ಬೇರೆ. ಸ್ವೀಡನ್ನಿನ ಕೋಚ್ ಗೋಸ್ಟಾ ಹೋಲ್ಮರ್ 1930ರ ದಶಕದಲ್ಲಿ ರೂಢಿಗೆ ತಂದ ಫಾರ್ಟ್‌ಲೆಕ್ ಎಂಬ ಅಭ್ಯಾಸ ನಮ್ಮಲ್ಲಿ ಹೀಗೆ ಕ್ರಾಸು ಎಣಿಸಿಕೊಂಡು ನಡೆಯುತ್ತದೆ.

ಗುರುವಾರ ಇದಕ್ಕಿಂತ ಕಟ್ಟುನಿಟ್ಟು. ನಾನೂರು ಮೀಟರ್ ಬಿರುಸಾಗಿ ಓಡಬೇಕು, ಉಸಿರು ತಹಬಂದಿಗೆ ಬರುವಷ್ಟು ಕಾಲೆಳೆದು ಮತ್ತೆ ಹೊರಡಬೇಕು. ನಾಲ್ಕೈದು ಸುತ್ತಾಗುವಷ್ಟರಲ್ಲಿ ಎದೆ ಢವಢವ ಎನ್ನುತ್ತದೆ, ತೊಡೆ ಉರಿಯುತ್ತದೆ. ಮುಗಿದ ಮೇಲೆ ಏನೋ ಸಾಧಿಸಿದೆವೆಂಬ ಹುರುಪು ಸಂಜೆಯವರೆಗೂ ಮೈಯಲ್ಲಿರುತ್ತದೆ. ಹೊಸಬರು ಗುರುವಾರಕ್ಕೆ ಬೇಗ ಮನಸೋಲುವುದು ಈ ಹುರುಪಿಗಾಗಿಯೇ.

ನನ್ನ ಮನಸ್ಸು ಮಾತ್ರ ಭಾನುವಾರದ್ದು. ಇನ್ನೂ ಕತ್ತಲಿರುವಾಗ ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದರೆ, ಗುಡಿಯ ಮುಂದೆ ಆಗಲೇ ನಿಂಬೆಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಮೈ ಹೊರಗಾಗುವಂತೆ ಮಡಚಿ ದೀಪಕ್ಕೆ ಅಣಿ ಮಾಡುತ್ತಿರುತ್ತಾರೆ. ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಆರು ಕಿಲೋಮೀಟರಿಗಿಂತ ತುಸು ಹೆಚ್ಚು. 2021ರಲ್ಲಿ ಮೆಟ್ರೊ ಅಲ್ಲಿಯವರೆಗೆ ಬಂದ ಮೇಲೆ ನಿಲ್ದಾಣಗಳೇ ನಮ್ಮ ಮೈಲಿಗಲ್ಲು: ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ. ಮಣ್ಣು ಬೇಕೆನಿಸಿದ ದಿನ ತುರಹಳ್ಳಿ ಕಾಡಿನ ಕಡೆ ಹೊರಳಿದರಾಯಿತು. ಬಂಡೆ, ನೀಲಗಿರಿ ಮರ, ಕಾಲಿಗೆ ಮೆತ್ತಗಿನ ದಾರಿ. ಗಂಟೆ ಕಳೆದ ಮೇಲೆ ಹೆಜ್ಜೆ ತನ್ನಷ್ಟಕ್ಕೆ ಬೀಳತೊಡಗುತ್ತದೆ. ಆ ಸ್ಥಿತಿಗಾಗಿಯೇ ನಾನು ಓಡುವುದು.

ಬಿಟಿಎಂ ಲೇಔಟಿನಿಂದ ಬರುವ ಹುಡುಗನೊಬ್ಬ ಪ್ರತಿ ಸಲ ಕೇಳುತ್ತಾನೆ: ‘ಅಂಕಲ್, ಇಷ್ಟು ನಿಧಾನ ಓಡಿದ್ರೆ ಟೈಮಿಂಗ್ ಹೇಗೆ ಬರುತ್ತೆ?’

‘ಮಾತಾಡಿಕೊಂಡು ಓಡಪ್ಪ. ಮಾತು ತುಂಡಾಯ್ತು ಅಂದ್ರೆ ಜೋರಾಯ್ತು ಅಂತ.’

ಅವನಿಗೆ ಹೇಳಲೆಂದು ಒಂದು ಕಥೆ ಇಟ್ಟುಕೊಂಡಿದ್ದೇನೆ. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ಕೋಚ್ ಇದ್ದರು. ಬೂಟಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಶಿಷ್ಯರು ಭಾನುವಾರ ಆಕ್ಲೆಂಡಿನ ಗುಡ್ಡಗಳಲ್ಲಿ ಸುಮಾರು 35 ಕಿಲೋಮೀಟರ್ ಓಡುತ್ತಿದ್ದರು. ಆ ಶಿಷ್ಯರಲ್ಲೊಬ್ಬ ಪೀಟರ್ ಸ್ನೆಲ್. ಅವನ ಸ್ಪರ್ಧೆ ಬರೀ 800 ಮೀಟರ್, ಎರಡು ನಿಮಿಷವೂ ಹಿಡಿಯದ್ದು! 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವನು ಚಿನ್ನ ಗೆದ್ದ. ಅದೇ ದಿನ ಅದೇ ಗುರುವಿನ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5,000 ಮೀಟರ್‌ನಲ್ಲಿ ಗೆದ್ದ. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ಓಡಿದ.

ನಿಧಾನವಾಗಿ, ದೀರ್ಘವಾಗಿ ಓಡಿದಾಗ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಮೈ ಕೊಬ್ಬನ್ನು ಉರಿಸಿ ಓಡುವುದನ್ನು ಕಲಿಯುತ್ತದೆ. ಉಸಿರು ಬೇಗ ಪಳಗುತ್ತದೆ. ಮೂಳೆಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ಈ ಅಂತರದಲ್ಲೇ ಅವಸರಗಾರರ ಮೀನಖಂಡ ಹಿಡಿದುಕೊಳ್ಳುವುದು. ನನ್ನನ್ನು ಹೆಚ್ಚು ಸಂಕಟಕ್ಕೆ ಈಡುಮಾಡುವವರು ಇನ್ನೊಂದು ಬಗೆಯವರು: ವಾರವಿಡೀ ಅತ್ತ ನಿಧಾನವೂ ಅಲ್ಲದ, ಇತ್ತ ಬಿರುಸೂ ಅಲ್ಲದ ಓಟ ಓಡುವವರು. ಪಾಪ, ದಣಿವೆಲ್ಲ ಅವರದೇ. ಗುರುವಾರದ ಫಲವೂ ಇಲ್ಲ, ಭಾನುವಾರದ ಫಲವೂ ಇಲ್ಲ. ನಿಧಾನದ ದಿನ ನಿಜವಾಗಿ ನಿಧಾನವಾಗಿದ್ದರೆ ತಾನೆ ಬಿರುಸಿನ ದಿನಕ್ಕೆ ಕಾಲಲ್ಲಿ ಕಸುವು ಉಳಿಯುವುದು?

2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೆ ಎರಡೂ ಬೇಕು. ಹತ್ತು ಕಿಲೋಮೀಟರಿನಲ್ಲಿ ಏಳು ಕಳೆದ ಮೇಲೆ ಕೈಹಿಡಿಯುವುದು ಭಾನುವಾರದ ದಮ್ಮು, ಕೊನೆಯ ನಾನೂರು ಮೀಟರಿಗೆ ಗುರುವಾರದ ಕಾಲು. ಆದರೆ ಮದುವೆಮನೆ, ನೆಂಟರು, ಕಚೇರಿ ಕೆಲಸ ಎಂದು ಒಂದನ್ನು ಬಿಡಲೇಬೇಕಾದ ವಾರಗಳು ಬರುತ್ತವೆ. ಆಗ ನಾನು ಗುರುವಾರವನ್ನು ಬಿಡುತ್ತೇನೆ. ಸ್ಪರ್ಧೆಗೆ ಮೂರು ನಾಲ್ಕು ವಾರವಷ್ಟೇ ಉಳಿದಿದ್ದರೆ ಮಾತ್ರ ಬಿಡುವುದಿಲ್ಲ. ಆ ವೇಗದ ಅಂದಾಜು ಕಾಲಿಗೆ ಸಿಕ್ಕಿರಬೇಕಲ್ಲ.