ಸೀರೆ ಜೊತೆಗಿಟ್ಟ ಕಾಗದ

ರಾಮನಗರ
ಶುಕ್ರವಾರ

ಪುಟ್ಟೀ,

ನಿನ್ನ ಮಾವನ ಕೈಲಿ ಕಳಿಸಿರೋ ಚೀಲದಲ್ಲಿ ಸೀರೆ, ಹುರಿಹಿಟ್ಟು, ಮರದ ಕುದುರೆ ಇವೆ. ಮೊದಲು ಸೀರೆ ತೆಗೆದು ನೆರಳಲ್ಲಿ ಗಾಳಿಗೆ ಹರವು, ಆಮೇಲೆ ಕೂತು ಇದನ್ನು ಓದು. ಮಾವನಿಗೆ ಊಟ ಹಾಕು. ರೈಲಿನಲ್ಲಿ ಏನೂ ತಿಂದಿರೋಲ್ಲ ಅವನು.

ಓದೋಕೆ ಮ್ಯೂನಿಕ್‌ಗೆ ಹೊರಟಿರೋಳಿಗೆ ಸೀರೆ ಯಾಕವ್ವ, ಸುಮ್ಮನೆ ತೂಕ ಅಂದೆಯಲ್ಲ ಫೋನಿನಲ್ಲಿ. ನಿಮ್ಮಪ್ಪ ಗೂಡು ತೂಗೋ ತಕ್ಕಡಿ ಮೇಲೇ ಇಟ್ಟು ನೋಡಿದೆ. ಅರ್ಧ ಕೆ.ಜಿ. ಆಸುಪಾಸು ಬಂತು. ನೀನಿಲ್ಲಿ ಬಿಟ್ಟು ಹೋಗಿರೋ ಜೀನ್ಸು ಅದಕ್ಕಿಂತ ಭಾರ! ಒಂದು ಪೆಟ್ಟಿಗೆಗೆ 23 ಕೆ.ಜಿ. ಬಿಡ್ತಾರಂತೆ, ಅದರಲ್ಲಿ ನನ್ನ ಸೀರೆಗೆ ಜಾಗ ಇಲ್ಲ ಅನ್ನಬೇಡ. ಗಾಳಿ ಎಳೆದು ಬಟ್ಟೆ ಚಪ್ಪಟೆ ಮಾಡೋ ಚೀಲ ತರಿಸಿದ್ದೀನಿ ಅಂತಲೂ ಅಂದೆಯಲ್ಲ. ಅದರಿಂದ ಜಾಗ ಉಳಿಯುತ್ತೆ, ತೂಕ ಒಂದು ಗ್ರಾಂ ಕೂಡ ಇಳಿಯೋಲ್ಲ. ಜಾಗ ಉಳೀತಲ್ಲ ಅಂತ ಇನ್ನಷ್ಟು ತುರುಕ್ತೀಯ, ವಿಮಾನ ನಿಲ್ದಾಣದಲ್ಲಿ ಎಲ್ಲರ ಮುಂದೆ ಪೆಟ್ಟಿಗೆ ಬಿಚ್ಚಿಕೊಂಡು ಕೂರ್ತೀಯ. ರಜಾಯಿಗೆ, ಸ್ವೆಟರಿಗೆ ಬೇಕಾದರೆ ಆ ಚೀಲ ಇರಲಿ. ರೇಷ್ಮೆಗೆ ಮಾತ್ರ ಖಂಡಿತ ಬೇಡ.

ಯಾಕೆ ಅಂತ ಹೇಳ್ತೀನಿ ಕೇಳು. ಕನಕಪುರದ ತೌರಲ್ಲಿ ರೇಷ್ಮೆಹುಳು ನಾಲ್ಕು ಜ್ವರ ಎದ್ದು, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾಗೋವರೆಗೆ ಮನೆಯಲ್ಲಿ ಯಾರಿಗೂ ನಿದ್ದೆ ಇರ್ತಿರಲಿಲ್ಲ. ಚಂದ್ರಿಕೆಯಿಂದ ಗೂಡು ಬಿಡಿಸಿ ಚೀಲಕ್ಕೆ ತುಂಬೋವಾಗ ನಾವು ಮಕ್ಕಳು ಬೇಗ ಮುಗೀಲಿ ಅಂತ ಒತ್ತಿ ಒತ್ತಿ ತುಂಬಿದರೆ ನಿಮ್ಮ ತಾತ ಬಂದು ಪೂರ್ತಿ ಸುರಿಸಿ ಮತ್ತೆ ತುಂಬಿಸೋರು. ಗೂಡಿನ ಒಳಗೆ ಜೀವ ಇದೆ, ಅದು ಉಸಿರಾಡುತ್ತೆ. ಒತ್ತಿ ಕಟ್ಟಿದರೆ ಚೀಲ ಬೆವರುತ್ತೆ, ಹುಳ ನಜ್ಜಿ ಗೂಡಿಗೆ ಕರೆ ಬೀಳುತ್ತೆ. ಬೆಳಿಗ್ಗೆ ರಾಮನಗರದ ಮಾರ್ಕೆಟ್ಟಿನಲ್ಲಿ ಜಾಲರಿಗೆ ಸುರಿದಾಗ ರೀಲರು ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮುಖ ಸಿಂಡರಿಸಿದರೆ ಆಯ್ತು, ಆ ಬೆಳೆ ಹೋದ ಹಾಗೇ. ನೀನು ಪೆಟ್ಟಿಗೆ ತುಂಬೋವಾಗ ತಾತನ ಆ ಚೀಲ ನೆನಪಿಸಿಕೊಂಡರೆ ಸಾಕು. ಮುಚ್ಚಳ ಹಾಕೋಕೆ ಮೇಲೆ ಹತ್ತಿ ಕೂರೋ ಹಾಗೆ ಆದರೆ ಎರಡು ಬಟ್ಟೆ ತೆಗೆದಿಡು.

ಇನ್ನು ಸೀರೆ ಮಡಿಸೋದು. ಇದು ಮೈಸೂರು ಸಿಲ್ಕು, ಕ್ರೇಪು. ನೂಲಿಗೆ ಹುರಿ ಜಾಸ್ತಿ ಕೊಟ್ಟಿರೋದರಿಂದ ಬೇಗ ಸುಕ್ಕು ಹಿಡಿಯೋಲ್ಲ. ಪ್ರಯಾಣಕ್ಕೆ ನನ್ನ ಕಂಚಿ ಸೀರೆಗಿಂತ ಇದೇ ವಾಸಿ ಅಂತಲೇ ಆರಿಸಿದ್ದು. ಜರಿ ಒಳಮುಖವಾಗಿ ಬರಲಿ, ಮಡಿಕೆ ಅಗಲವಾಗಿರಲಿ. ನಿಮ್ಮಪ್ಪನ ಹಳೇ ಪಂಚೆ ಹರಿದು ಮಧ್ಯೆ ಇಟ್ಟಿದ್ದೀನಿ, ಚಿಂದಿ ಅಂತ ಎಸೆಯಬೇಡ. ಆ ತುಂಡು ಇದ್ದರೆ ಮಡಿಕೆ ಚೂಪಾಗಿ ಕೂರೋಲ್ಲ. ಮೇಲಿಂದಲೂ ಅದರಲ್ಲೇ ಸುತ್ತು. ಪ್ಲಾಸ್ಟಿಕ್ ಕವರು ಬೇಡ. ಡಾಂಬರು ಗುಳಿಗೆ ತಾಗಿದರೆ ಜರಿ ಕಪ್ಪಾಗುತ್ತೆ. ಅಲ್ಲಿ ಹೋದ ಮೇಲೂ ಆಗಾಗ ಬಿಚ್ಚಿ ಮಡಿಕೆ ಬದಲಿಸು, ಒಂದೇ ಗೆರೆಯಲ್ಲಿ ಬಹಳ ಕಾಲ ಇದ್ದರೆ ರೇಷ್ಮೆ ಅಲ್ಲೇ ಪಿಸಿಯುತ್ತೆ. ರವಿಕೆಗೆ ಹುಕ್ಕು ಹಾಕಿಯೇ ಮಡಿಸು, ಇಲ್ಲದಿದ್ದರೆ ಸೀರೆಯ ಎಳೆ ಕೀಳುತ್ತೆ.

ಮಿಕ್ಕಿದ್ದಕ್ಕೆ ಇಷ್ಟು ಗಮನ ಬೇಡ. ಟೀ ಶರ್ಟು, ಚೂಡಿದಾರ ಸುರುಳಿ ಸುತ್ತು. ಶೂ, ಪುಸ್ತಕದಂಥ ಭಾರದ ಸಾಮಾನು ಚಕ್ರದ ಕಡೆಗಿರಲಿ. ಕಾಲುಚೀಲ ಶೂ ಒಳಗೆ. ಕೋಟು ಮೈಮೇಲೇ ಹಾಕಿಕೊಂಡು ಹೋಗು. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಕಾಗದಪತ್ರ, ಆ ಮೊಬೈಲಿನ ಪವರ್ ಬ್ಯಾಂಕು. ಪವರ್ ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿ ಬಿಡೋಲ್ಲ.

ಮಾಗಡಿಯ ಅಜ್ಜಿಗೆ ಸಿಟ್ಟು ಬಂದಿದೆ. ತುಪ್ಪ ಕಾಯಿಸಿ ಡಬ್ಬಿಗೆ ಹಾಕಿ ಇಟ್ಟಿದ್ದರು. ಯುರೋಪಿಗೆ ಹಾಲಿನ ಪದಾರ್ಥ ಒಯ್ಯೋ ಹಾಗಿಲ್ಲ ಅಂದರೆ ನಂಬಲಿಲ್ಲ. “ಅಲ್ಲಿ ಹಸುಗಳೇ ಇಲ್ಲವೇನೆ?” ಅಂದರು. ಅದಕ್ಕೇ ಹುರಿಹಿಟ್ಟು. ಎರಡು ಕವರು ಹಾಕಿ ಬಾಯಿ ಕಟ್ಟಿದ್ದೀನಿ, ಆದರೂ ಬಟ್ಟೆಯಿಂದ ದೂರ ಇಡು. ಫೋನ್ ಮಾಡಿ ಅಜ್ಜಿಯ ಹತ್ತಿರ ಒಂದು ಮಾತಾಡು.

ಕುದುರೆ ಚನ್ನಪಟ್ಟಣದ್ದು. ಅಲ್ಲಿ ನೀನು ಇರಬೇಕಾದ ಮನೆಯವರ ಮಗುವಿಗೆ. ಅದನ್ನು ಟವೆಲಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಡು. ಅದರ ಬಣ್ಣ ಬ್ರಶ್ಶಿನಲ್ಲಿ ಬಳಿದದ್ದಲ್ಲ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರೋವಾಗಲೇ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆದ್ದರಿಂದ ಹೀಟರ್ ಮೇಲೆ ಮಾತ್ರ ಇಡಬೇಡಿ ಅಂತ ಆ ಮನೆಯವರಿಗೆ ಹೇಳು.

ಪೆಟ್ಟಿಗೆಯ ಹೊರಗೂ ಒಳಗೂ ಹೆಸರು, ಫೋನ್ ನಂಬರು ಬರೆದ ಚೀಟಿ ಇರಲಿ. ನಮ್ಮ ವಿಳಾಸ ಬರೆಯೋಕೆ ಹೊರಟಾಗ ನನಗೇ ಗೊಂದಲ ಆಯ್ತು. 2007ರಲ್ಲಿ ರಾಮನಗರ ಜಿಲ್ಲೆ ಆಯ್ತು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯ್ತು. ಅದಕ್ಕೂ ಹಿಂದೆ ಈ ಊರೇ ಕ್ಲೋಸ್‌ಪೇಟೆ ಆಗಿತ್ತು ಅಂತ ತಾತ ಹೇಳೋರು. ನೀನು ರಾಮನಗರ, ಕರ್ನಾಟಕ ಅಂತ ಬರಿ. ಟಪಾಲಿನವರಿಗೆ ಗೊತ್ತಾಗುತ್ತೆ.

ಇಲ್ಲಿ ಅಪ್ಪ ಮೊಬೈಲಿನಲ್ಲೇ ಗೂಡಿಗೆ ಹರಾಜು ಕೂಗೋದು ಕಲಿತಿದ್ದಾರೆ. ಮಂಡಿನೋವು ಇದ್ದೇ ಇದೆ. ನೀನು ಹೊರಡೋ ವಿಷಯ ಬಂದರೆ ಎದ್ದು ಹೊರಗೆ ಹೋಗ್ತಾರೆ. ರಾತ್ರಿ ಬಿಡಿಸಿ ಮಾತಾಡು ಅವರ ಹತ್ತಿರ, ನನ್ನ ಹತ್ತಿರ ಕಡಿಮೆ ಮಾತಾಡಿದರೂ ಪರವಾಗಿಲ್ಲ.

ಸೀರೆಯನ್ನು ಬೀರುವಿನಲ್ಲಿ ಜೋಪಾನ ಮಾಡೋಕೆ ಕಳಿಸಿಲ್ಲ. ದೀಪಾವಳಿಗೆ ಉಡು, ಕಾಲೇಜಿನಲ್ಲಿ ಏನಾದರೂ ಸಮಾರಂಭ ಇದ್ದರೆ ಉಡು, ಸಾರು ಚೆಲ್ಲಿದರೂ ಚೆಲ್ಲಲಿ. ಒಂದು ಸಲವೂ ಉಡದೆ ಮಡಿಕೆ ಹಾಗೇ ವಾಪಸ್ ತಂದರೆ ನಾನಂತೂ ಇಸಕೊಳ್ಳೋದಿಲ್ಲ.

ನಿನ್ನ ಅವ್ವ