ಮೇರಿ ರೋಸ್ ಹಡಗಿನ ಬಿಲ್ಲುಗಳು

ಪೋರ್ಟ್ಸ್‌ಮತ್, ಇಂಗ್ಲೆಂಡ್

ಅಣ್ಣಾ,

ಕೈಕೆಲಸವೆಂದರೆ ಈಗ ಬರೀ ಅಭಿಮಾನದ ಮಾತು, ಯಂತ್ರ ಮಾಡಲಾರದ್ದು ಅದರಲ್ಲೇನೂ ಉಳಿದಿಲ್ಲ ಎನ್ನುತ್ತೀಯಲ್ಲ, ಅದಕ್ಕೆ ಉತ್ತರ ಈ ಬಂದರಿನ ಮ್ಯೂಸಿಯಮ್ಮಿನಲ್ಲಿದೆ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ 1545ರ ಜುಲೈ 19ರಂದು ಇಲ್ಲಿಯ ಕಡಲಲ್ಲೇ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಿದರು. ಕೆಸರಿನಡಿ ಕೆಡದೆ ಉಳಿದಿದ್ದ ವಸ್ತುಗಳ ನಡುವೆ 172 ಮರದ ಬಿಲ್ಲುಗಳು ಸಿಕ್ಕಿವೆ. ಬಿಲ್ಲಿನ ಮಟ್ಟಿಗೆ ಕೈಕೆಲಸ ಅಲಂಕಾರವಲ್ಲ, ಮರವೇ ಅದನ್ನು ಕೇಳುತ್ತದೆ ಎಂಬ ನನ್ನ ವಾದಕ್ಕೆ ಇವೇ ಸಾಕ್ಷಿ.

ಇವು ಯೂ ಎಂಬ ಮರದವು, ಎರಡು ಮೀಟರಿನ ಆಸುಪಾಸು ಉದ್ದ. ಬಿಲ್ಲನ್ನು ಸೆಳೆದಾಗ ಗುರಿಯ ಕಡೆಗಿನ ಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಯದು ಕುಗ್ಗುತ್ತದೆ. ಯೂ ಮರದಲ್ಲಿ ತೊಗಟೆಯಡಿಯ ಬಿಳಿ ಪದರ ಎಳೆತ ತಾಳುತ್ತದೆ, ಒಳಗಿನ ಕೆಂಗಂದು ಚೇಗು ಒತ್ತಡ ತಾಳುತ್ತದೆ. ಬಿಳಿ ಹೊರಮೈಗೂ ಚೇಗು ಒಳಮೈಗೂ ಬರುವಂತೆ ಮರವನ್ನು ಕೆತ್ತಿಕೊಳ್ಳಬೇಕು. ಆದರೆ ಮರ ಗೆರೆ ಎಳೆದಂತೆ ಬೆಳೆಯುವುದಿಲ್ಲ. ಎಳೆ ಓರೆಯಾಗಿ ಓಡುತ್ತದೆ, ನಡುವೆ ಗಂಟು ಬರುತ್ತದೆ. ಇಲ್ಲಿನ ಬಿಲ್ಲುಗಳಲ್ಲಿ ಗಂಟಿರುವ ಕಡೆ ಮಟ್ಟಸವಾಗಿ ಕೆತ್ತಿಲ್ಲ. ಅದರ ಸುತ್ತ ಒಂದಿಷ್ಟು ಮರವನ್ನು ಉಬ್ಬಾಗಿಯೇ ಬಿಟ್ಟಿದ್ದಾರೆ. ಸಪಾಟಾಗಿ ಕೆತ್ತಿದರೆ ಎಳೆ ತುಂಡಾಗಿ ಬಿಲ್ಲು ಅಲ್ಲೇ ಮುರಿಯುತ್ತದೆ. ಉಬ್ಬು ಎಲ್ಲಿ, ಎಷ್ಟು ಎಂಬುದನ್ನು ಯಾವ ಅಚ್ಚೂ ಮೊದಲೇ ಹೇಳಲಾರದು. ಆಮೇಲೆ ಬಾಗು ತಿದ್ದುವ ಕೆಲಸ: ಹೆದೆ ಕಟ್ಟಿ ಸ್ವಲ್ಪ ಸೆಳೆದು ನೋಡುವುದು, ಸೆಟೆದಿರುವ ಕಡೆ ಒಳಮೈಯಿಂದ ಕಾಗದದಷ್ಟು ತೆಳುವಾಗಿ ಹೆರೆಯುವುದು, ಮತ್ತೆ ಸೆಳೆಯುವುದು. ಒಂದೆಡೆ ಹೆಚ್ಚು ಹೆರೆದರೆ ಭಾರವೆಲ್ಲ ಅಲ್ಲೇ ಬೀಳುತ್ತದೆ. ತೆಗೆದ ಮರವನ್ನು ಮರಳಿ ಕೂಡಿಸಲಾಗದು. ಹಡಗು ಮುಳುಗಿದ ವರ್ಷವೇ ‘ಟಾಕ್ಸೊಫಿಲಸ್’ ಎಂಬ ಬಿಲ್ವಿದ್ಯೆಯ ಪುಸ್ತಕ ಹೊರತಂದ ರಾಜರ್ ಆಸ್ಕಮ್ ಕೂಡ, ಹೊಸ ಬಿಲ್ಲನ್ನು ಬಳಸಿ ನೋಡಿ, ಮತ್ತೆ ಒಳ್ಳೆಯ ಕೆಲಸಗಾರನಿಗೆ ಕೊಟ್ಟು ಬಾಗು ಸರಿಮಾಡಿಸಿಕೊಳ್ಳಲು ಹೇಳುತ್ತಾನೆ.

ಸೈನ್ಯಕ್ಕೆಂದು ರಾಶಿ ರಾಶಿ ಮಾಡಿದ ಸರಕಿನಲ್ಲಿ ಅಂಥ ಜತನ ಎಲ್ಲಿಯದು ಎಂದು ನೀನು ಕೇಳಬಹುದು. ಅವಸರದ ಗುರುತು ಇದ್ದೇ ಇದೆ, ಹತಾರದ ಗೀರುಗಳನ್ನು ಯಾರೂ ನಯಮಾಡಿಲ್ಲ. ನನಗೆ ಮುಖ್ಯವಾಗಿ ಕಂಡದ್ದೂ ಅದೇ. ನುಣುಪಿಗೆ ಸಮಯ ಕೊಡದವರು ಎಳೆಯನ್ನು ಅನುಸರಿಸಲು, ಗಂಟನ್ನು ಕಾಯಲು ಸಮಯ ಕೊಟ್ಟಿದ್ದಾರೆ. ಇವನ್ನು ಸೆಳೆಯಲು 45ರಿಂದ 80 ಕಿಲೋವರೆಗಿನ ಬಲ ಬೇಕಿತ್ತೆಂದು ತಜ್ಞರ ಲೆಕ್ಕ. ಅಷ್ಟು ಬಲದಡಿ ಸಣ್ಣ ತಪ್ಪೂ ಉಳಿಯದು. ಹಾಗಿದ್ದರೆ ಗುಣ ಯೂ ಮರದ್ದೇ ಹೊರತು ಕೈಯದಲ್ಲ ಎನ್ನುತ್ತೀಯೇನೋ. ಡೆನ್ಮಾರ್ಕಿನ ಹೊಲ್ಮೆಗೋರ್ ಜೌಗಿನಲ್ಲಿ ಸಿಕ್ಕ, ಸುಮಾರು 9000 ವರ್ಷ ಹಳೆಯ ಬಿಲ್ಲುಗಳು ಎಲ್ಮ್ ಮರದವು. ಎಲ್ಮ್ ಯೂ ಮರದಷ್ಟು ಒತ್ತಡ ತಾಳುವುದಿಲ್ಲ. ಅದಕ್ಕೆ ಅವುಗಳ ತೋಳು ಅಗಲ, ಚಪ್ಪಟೆ; ಹಿಡಿ ಮಾತ್ರ ಕಿರಿದು. ಮರ ಬೇರೆಯಾದಾಗ ಆಕಾರವನ್ನೇ ಬದಲಿಸುವ ಅರಿವು ಕೈಗೆ ಆಗಲೇ ಬಂದಿತ್ತು. ಇಂದಿನ ಫೈಬರ್‌ಗ್ಲಾಸ್, ಕಾರ್ಬನ್ ಬಿಲ್ಲುಗಳು ಗುರಿಗೆ ಹೆಚ್ಚು ನಂಬಿಕಸ್ತ ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲಿ ಯಂತ್ರ ಗೆದ್ದದ್ದು ಮರವನ್ನು ಬಿಟ್ಟು, ಎಲ್ಲೆಡೆ ಒಂದೇ ಸಮನಾದ ವಸ್ತುವನ್ನು ಹಿಡಿದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ, ಅದನ್ನು ನೀನು ಎತ್ತುವ ಮೊದಲು ನಾನೇ ಎತ್ತುತ್ತೇನೆ. ಈ ಕಸುಬು ತನ್ನ ಮರವನ್ನೇ ತಿಂದುಹಾಕಿತು. 1472ರಲ್ಲಿ ಇಂಗ್ಲೆಂಡ್, ಹೊರಗಿನಿಂದ ಬರುವ ಪ್ರತಿ ಟನ್ ಸರಕಿಗೆ ನಾಲ್ಕು ಬಿಲ್ಲುಮರ ತರಬೇಕೆಂದು ವರ್ತಕರಿಗೆ ಕಾನೂನು ಮಾಡಿತು. ಮುಂದಿನ ಶತಮಾನದಲ್ಲಿ ಬವೇರಿಯ, ಆಸ್ಟ್ರಿಯಗಳ ಯೂ ಕಾಡುಗಳು ಬರಿದಾದವು. ಇದು ನನ್ನ ವಾದವನ್ನು ಮುರಿಯುವುದಿಲ್ಲ, ಆದರೆ ಅದಕ್ಕೊಂದು ಷರತ್ತು ಹಾಕುತ್ತದೆ. ಚಳಿಯಲ್ಲಿ ನಿಧಾನವಾಗಿ ಬೆಳೆದ, ಉಂಗುರಗಳು ಒತ್ತಾಗಿರುವ ಬೆಟ್ಟದ ಯೂ ಮರಕ್ಕೆ ಬಿಲ್ಲಿನ ದಪ್ಪ ಬರಲು ಮನುಷ್ಯನ ಆಯುಸ್ಸೇ ಸಾಲದು. ಎಳೆ ಓದಬಲ್ಲ ಕೈ, ಕಾಡಿನಲ್ಲಿ ಮುಂದಿನವರಿಗೆ ಎಷ್ಟು ಮರ ಉಳಿದಿದೆ ಎಂಬುದನ್ನೂ ಕೊಡಲಿ ಎತ್ತುವ ಮೊದಲೇ ಎಣಿಸಬೇಕು.

ಒಪ್ಪದಿದ್ದರೆ ವಿವರವಾಗಿ ಬರೆ.

ನಿನ್ನ ತಮ್ಮ